ಒಂಟಿ ಸಾಕ್ಷ್ಯ ಸಾಕೆನ್ನುವ ಕಾನೂನು, ಸಾಲದೆನ್ನುವ ತೀರ್ಪು: ಮೇಲ್ಮನವಿಯಲ್ಲಿ ಆಗುವುದೇನು?

‘ಅತ್ಯಾಚಾರ ಸಂತ್ರಸ್ತೆಯ ಹೇಳಿಕೆಯೊಂದೇ ಶಿಕ್ಷೆಗೆ ಸಾಕು’ ಎಂಬ ತಲೆಬರಹ ಆಗಾಗ ಹೊಸ ಸುದ್ದಿಯಂತೆ ಪತ್ರಿಕೆಗಳಲ್ಲಿ ಬರುತ್ತದೆ. ಹೆಚ್ಚು ದಿನ ಕಳೆಯುವ ಮುನ್ನವೇ ‘ಸಂತ್ರಸ್ತೆಯ ಹೇಳಿಕೆ ನಂಬಲರ್ಹವಲ್ಲ, ಆರೋಪಿ ಖುಲಾಸೆ’ ಎಂಬುದೂ ಬರುತ್ತದೆ. ಕಾನೂನು ತೀರ್ಪಿನಿಂದ ತೀರ್ಪಿಗೆ ಬದಲಾಗುತ್ತಿದೆಯೇನೋ ಎಂದು ಓದಿದವರಿಗೆ ಅನ್ನಿಸಿದರೆ ಅಚ್ಚರಿಯಿಲ್ಲ. 2020ನೇ ಇಸವಿಯನ್ನೇ ನೋಡಿ. ಫೆಬ್ರುವರಿಯಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು. ಎರಡು ಮನೆಗಳ ನಡುವೆ ಜಮೀನಿನ ವ್ಯಾಜ್ಯವಿತ್ತು, ವೈದ್ಯಕೀಯ ವರದಿ ಬೆಂಬಲಿಸಲಿಲ್ಲ, ಹೇಳಿಕೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ ಎಂಬುದು ಅದಕ್ಕೆ ಕಾರಣ. ಅಕ್ಟೋಬರಿನಲ್ಲಿ ತಮಿಳುನಾಡಿನ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣವೊಂದರಲ್ಲಿ ಬಾಲಕಿಯ ಹೇಳಿಕೆಯನ್ನು ನಂಬಿ ಶಿಕ್ಷೆಯನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿಗಳಾದ ಅಶೋಕ್ ಭೂಷಣ್ ಮತ್ತು ಎಂ.ಆರ್. ಷಾ ಎರಡೂ ಪೀಠಗಳಲ್ಲಿದ್ದರು. ಉಲ್ಲೇಖಿಸಿದ ಹಳೆಯ ತೀರ್ಪುಗಳೂ ಬಹುಮಟ್ಟಿಗೆ ಅವೇ.

ಹಾಗಿದ್ದರೆ ವ್ಯತ್ಯಾಸ ಹುಟ್ಟಿದ್ದು ಎಲ್ಲಿ? ಕಾನೂನಿನ ಪುಸ್ತಕದಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ವಿಚಾರಣಾ ನ್ಯಾಯಾಲಯದಲ್ಲಿ ಸಾಕ್ಷ್ಯವನ್ನು ಬರೆದುಕೊಂಡ ಕಾಗದದಲ್ಲಿ ಹುಡುಕಬೇಕು.

ನಿಯಮ ಬಂದ ದಾರಿ

ಯಾವುದೇ ಸಂಗತಿಯನ್ನು ಸಾಬೀತು ಮಾಡಲು ಇಂತಿಷ್ಟೇ ಸಾಕ್ಷಿಗಳು ಬೇಕೆಂದಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 134ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 139ನೇ ಕಲಂ ಅದನ್ನೇ ಹೇಳುತ್ತದೆ. 1957ರ ವಡಿವೇಲು ತೇವರ್ ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿಗಳನ್ನು ಮೂರು ಬಗೆಯಾಗಿ ವಿಂಗಡಿಸಿತು: ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಇವೆರಡರ ನಡುವೆ ಇರುವವರು. ಮೊದಲನೆಯವರು ಒಬ್ಬರಿದ್ದರೂ ಸಾಕು. ಎರಡನೆಯವರು ಹತ್ತು ಜನರಿದ್ದರೂ ಪ್ರಯೋಜನವಿಲ್ಲ. ಪೂರಕ ಸಾಕ್ಷ್ಯದ, ಅಂದರೆ ಆ ಹೇಳಿಕೆಯನ್ನು ಬೆಂಬಲಿಸುವ ಬೇರೆ ಸಾಕ್ಷ್ಯದ, ಮಾತು ಬರುವುದು ಮೂರನೆಯ ಗುಂಪಿಗೆ ಮಾತ್ರ. ಮೇಲ್ಮನವಿಯ ವಾದವೆಲ್ಲ ಸಂತ್ರಸ್ತೆಯನ್ನು ಯಾವ ಗುಂಪಿಗೆ ಸೇರಿಸಬೇಕು ಎಂಬುದರ ಸುತ್ತಲೇ ಇರುತ್ತದೆ.

ಲೈಂಗಿಕ ಅಪರಾಧಗಳಲ್ಲಿ ಮಾತ್ರ ಬೇರೊಂದು ತೊಡಕಿತ್ತು. ಇಂಗ್ಲೆಂಡಿನ ನ್ಯಾಯಾಧೀಶರು ಜ್ಯೂರಿಗೆ ಕೊಡುತ್ತಿದ್ದ ಎಚ್ಚರಿಕೆಯ ಮಾತು ನಮ್ಮಲ್ಲಿ ಹೆಚ್ಚುಕಡಿಮೆ ಕಾನೂನಾಗಿಯೇ ಬೇರೂರಿತ್ತು: ಸಹ ಅಪರಾಧಿಯ ಹೇಳಿಕೆಯನ್ನು ನೋಡುವಂತೆಯೇ ದೂರುದಾರಳ ಹೇಳಿಕೆಯನ್ನೂ ಅನುಮಾನದಿಂದ ನೋಡಬೇಕು ಎಂಬುದು. ಅದನ್ನು ಬಿಡಿಸಿದ ಮೊದಲ ದೊಡ್ಡ ತೀರ್ಪು 1952ರ ರಾಮೇಶ್ವರ್ ವಿರುದ್ಧ ರಾಜಸ್ಥಾನ. ಒಂದೇ ಹೇಳಿಕೆಯನ್ನು ನಾಲ್ಕು ನ್ಯಾಯಾಲಯಗಳು ಹೇಗೆ ಓದಿದವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಸಂತ್ರಸ್ತೆ ಎಂಟು ವರ್ಷದ ಬಾಲೆ. ಸಹಾಯಕ ಸೆಷನ್ಸ್ ನ್ಯಾಯಾಧೀಶರು ಶಿಕ್ಷೆ ಕೊಟ್ಟರು. ಮೇಲ್ಮನವಿಯಲ್ಲಿ ಸೆಷನ್ಸ್ ನ್ಯಾಯಾಧೀಶರು, ಮನಸ್ಸಿಗೆ ಒಪ್ಪಿಗೆಯಾದರೂ ಕಾನೂನು ಪೂರಕ ಸಾಕ್ಷ್ಯ ಕೇಳುತ್ತದೆ ಎಂದು ಖುಲಾಸೆ ಮಾಡಿದರು. ಪೂರಕ ಸಾಕ್ಷ್ಯ ಬೇಕೆಂಬುದನ್ನು ಹೈಕೋರ್ಟ್ ಒಪ್ಪಿತು. ಆದರೆ ಮಗು ತಾಯಿಗೆ ಹೇಳಿದ್ದೇ ಆ ಪೂರಕ ಸಾಕ್ಷ್ಯ ಎಂದು ಶಿಕ್ಷೆಯನ್ನು ಮರಳಿ ತಂದಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾ. ವಿವಿಯನ್ ಬೋಸ್ ಬರೆದದ್ದರ ಸಾರ ಇಷ್ಟು: ಪೂರಕ ಸಾಕ್ಷ್ಯ ಕಡ್ಡಾಯವಲ್ಲ. ಅದು ಬೇಕಾಗಬಹುದೆಂಬ ವಿವೇಕ ನ್ಯಾಯಾಧೀಶರ ಮನಸ್ಸಿನಲ್ಲಿರಬೇಕು. ಅದು ಬೇಡವೆನಿಸುವ ಪ್ರಕರಣದಲ್ಲಿ ಏಕೆ ಬೇಡ ಎಂಬುದನ್ನು ತೀರ್ಪಿನಲ್ಲಿ ಕಾಣಿಸಬೇಕು. ತಾಯಿಗೆ ಹೇಳಿದ ಮಾತು ಮಗುವಿನದೇ ಆದರೂ, ಹೇಳಿಕೊಟ್ಟು ಆಡಿಸಲು ಸಮಯ ಸಿಗುವ ಮೊದಲೇ ಹೇಳಿದ್ದರೆ ಅದನ್ನು ಪುಷ್ಟಿಯಾಗಿ ಪರಿಗಣಿಸಬಹುದು ಎಂದೂ ಅವರು ಒಪ್ಪಿದರು. ಹಳೆಯ 157ನೇ ಕಲಂ, ಈಗಿನ 160ನೇ ಕಲಂ, ಇದಕ್ಕೆ ಆಧಾರ.

ಮುಂದಿನ ನಲವತ್ತು ವರ್ಷಗಳ ಹಾದಿ ನೇರವಾಗಿರಲಿಲ್ಲ. ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ 1972ರಲ್ಲಿ ಪೊಲೀಸರೇ ಅತ್ಯಾಚಾರ ಎಸಗಿದರೆಂಬ ಪ್ರಕರಣದಲ್ಲಿ ಸೆಷನ್ಸ್ ನ್ಯಾಯಾಲಯ ಖುಲಾಸೆ ಮಾಡಿತು, ಬಾಂಬೆ ಹೈಕೋರ್ಟ್ ಶಿಕ್ಷಿಸಿತು, 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಖುಲಾಸೆ ಮಾಡಿತು. ಮೈಮೇಲೆ ಗಾಯವಿಲ್ಲ, ಕೂಗಿಕೊಳ್ಳಲಿಲ್ಲ ಎಂಬುದೇ ಮುಖ್ಯ ಕಾರಣವಾಗಿತ್ತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ದೇಶದಾದ್ಯಂತ ಚಳವಳಿ ನಡೆಯಿತು. 1983ರ ತಿದ್ದುಪಡಿ ಬಂತು. ಅದು ಸೇರಿಸಿದ 114ಎ ಕಲಂ, ಈಗ 120, ಪೊಲೀಸ್ ವಶದಲ್ಲಿ ನಡೆದ ಅತ್ಯಾಚಾರದಂತಹ ಗಂಭೀರ ಬಗೆಗಳಿಗೆ ಅನ್ವಯಿಸುತ್ತದೆ. ಸಂಭೋಗ ನಡೆದದ್ದು ಸಾಬೀತಾಗಿ, ತಾನು ಒಪ್ಪಿರಲಿಲ್ಲ ಎಂದು ಆಕೆ ನ್ಯಾಯಾಲಯದಲ್ಲಿ ಹೇಳಿದರೆ, ಒಪ್ಪಿಗೆ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕು. ಆದರೆ ಸಂಭೋಗ ನಡೆಯಿತು, ಈತನೇ ಮಾಡಿದ ಎಂಬುದನ್ನು ಪ್ರಾಸಿಕ್ಯೂಷನ್ನೇ ತೋರಿಸಬೇಕು. ಈ ಮಿತಿಯನ್ನು ಮರೆತು ಬರೆದ ಶಿಕ್ಷೆಯ ತೀರ್ಪು ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ.

1990ರಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತೆ ಸಹ ಅಪರಾಧಿಯಲ್ಲ, ಗಾಯಗೊಂಡ ಸಾಕ್ಷಿಗೆ ಸಮಾನ ಎಂದು ಸ್ಪಷ್ಟಪಡಿಸಿತು. 1996ರ ಗುರ್ಮೀತ್ ಸಿಂಗ್ ತೀರ್ಪು ಇನ್ನೊಂದು ಹೆಜ್ಜೆ ಇಟ್ಟಿತು: ಆಕೆಯ ಮಾತನ್ನು ಪೂರ್ತಿ ನಂಬಲು ಕಷ್ಟವೆನಿಸಿದರೆ ಭರವಸೆ ಕೊಡುವ ಯಾವುದಾದರೂ ಅಂಶವಿದೆಯೇ ನೋಡಿ, ಸಹ ಅಪರಾಧಿಗೆ ಕೇಳುವಷ್ಟು ಗಟ್ಟಿಯಾದ ಪೂರಕ ಸಾಕ್ಷ್ಯ ಕೇಳಬೇಡಿ. ತತ್ವದ ಮಟ್ಟದಲ್ಲಿ ವಿಷಯ ಅಲ್ಲಿಗೇ ಇತ್ಯರ್ಥವಾಗಿದೆ. ಇಂದಿಗೂ ಯಾವ ಹೈಕೋರ್ಟೂ ಅದನ್ನು ಪ್ರಶ್ನಿಸುವುದಿಲ್ಲ. ಜಗಳವೆಲ್ಲ ಅನ್ವಯದಲ್ಲಿದೆ.

ಒಂದೇ ಘಟನೆ, ಆರು ಹೇಳಿಕೆ

ಮೇಲ್ಮನವಿಯ ನ್ಯಾಯಮೂರ್ತಿಗಳು ಸಾಕ್ಷಿಯ ಮುಖ ನೋಡುವುದಿಲ್ಲ, ದನಿ ಕೇಳುವುದಿಲ್ಲ. ಅವರ ಮುಂದಿರುವುದು ಕೆಳ ನ್ಯಾಯಾಲಯದ ಕಡತ. ಅದರಲ್ಲಿ ಸಂತ್ರಸ್ತೆಯ ಮಾತು ಸಾಮಾನ್ಯವಾಗಿ ಆರು ಕಡೆ ಇರುತ್ತದೆ: ದೂರು, ಪೊಲೀಸರ ಮುಂದಿನ ಹೇಳಿಕೆ, ಆಸ್ಪತ್ರೆಯಲ್ಲಿ ವೈದ್ಯರಿಗೆ ಹೇಳಿದ ವಿವರ, ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರು ನಡೆಸುವ ಮುಖ್ಯ ವಿಚಾರಣೆ, ಆರೋಪಿ ಪರ ವಕೀಲರು ನಡೆಸುವ ಪಾಟೀ ಸವಾಲು. ಇವುಗಳಲ್ಲಿ ಸಾಕ್ಷ್ಯವೆಂದು ಕರೆಸಿಕೊಳ್ಳುವುದು ಕೊನೆಯ ಎರಡು ಮಾತ್ರ. ಮೊದಲ ನಾಲ್ಕೂ ಆ ಎರಡನ್ನು ಅಳೆಯುವ ಸಾಧನಗಳು.

ಒಂದೊಂದರ ತೂಕವೂ ಬೇರೆ. ಪೊಲೀಸರ ಮುಂದಿನ ಹೇಳಿಕೆಯನ್ನು, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 161, ಈಗ ಅದರ ಜಾಗಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 180, ಸಾಕ್ಷಿಯ ಮಾತಿಗೆ ವಿರುದ್ಧವಾದುದನ್ನು ತೋರಿಸಲು ಮಾತ್ರ ಬಳಸಬಹುದು. ಬೆಂಬಲಕ್ಕೆ ಬಳಸುವಂತಿಲ್ಲ. ಮ್ಯಾಜಿಸ್ಟ್ರೇಟರ ಮುಂದಿನದನ್ನು, ಹಳೆಯ 164, ಈಗ 183, ಎರಡಕ್ಕೂ ಬಳಸಬಹುದು. ಆದರೂ ಅದು ಸ್ವತಂತ್ರ ಸಾಕ್ಷ್ಯವಲ್ಲ. ಆಕೆ ನ್ಯಾಯಾಲಯದಲ್ಲಿ ತಿರುಗಿಬಿದ್ದರೆ ಆ ಹೇಳಿಕೆಯೊಂದನ್ನೇ ಹಿಡಿದು ಶಿಕ್ಷಿಸಲಾಗದು. ಇದು ಗೊತ್ತಿಲ್ಲದೆ ‘ಜಡ್ಜ್ ಮುಂದೆಯೇ ಹೇಳಿದ್ದಾಳಲ್ಲ’ ಎಂದು ಧೈರ್ಯವಾಗಿರುವ ಕುಟುಂಬಗಳಿವೆ.

ಎಡವಟ್ಟು ಹೆಚ್ಚಾಗಿ ಆಗುವುದು ಪೊಲೀಸ್ ಹೇಳಿಕೆಯಲ್ಲಿ. ಅದು ಆಕೆಯ ಬಾಯಿಂದ ಬಂದು ಪೊಲೀಸರ ಕೈಯಿಂದ ಬರೆಸಿಕೊಂಡದ್ದು, ಆಕೆ ಅದಕ್ಕೆ ಸಹಿ ಹಾಕುವುದೂ ಇಲ್ಲ. ‘ಬಲವಂತವಾಗಿ ಎಳೆದುಕೊಂಡು ಹೋಗಿ’ ಎಂಬ ಠಾಣೆಯ ಸಿದ್ಧ ವಾಕ್ಯ ಅದರಲ್ಲಿ ನುಸುಳುತ್ತದೆ. ನ್ಯಾಯಾಲಯದಲ್ಲಿ ಆಕೆ ನಿಜವಾಗಿ ನಡೆದದ್ದನ್ನು, ‘ಪರಿಚಯದವನು, ಕರೆದ, ಹೋದೆ’ ಎಂದು ಹೇಳಿದಾಗ ಅದು ವೈರುಧ್ಯವಾಗಿ ಕಾಣುತ್ತದೆ. ಹೊಸ ಸಂಹಿತೆ ಈ ಹೇಳಿಕೆಯನ್ನು ಮೊಬೈಲ್ ಸೇರಿದಂತೆ ಧ್ವನಿ ಮತ್ತು ದೃಶ್ಯ ಸಾಧನಗಳಲ್ಲಿ ದಾಖಲಿಸಲು ಅವಕಾಶ ಕೊಟ್ಟಿದೆ. ಠಾಣೆಗಳು ಅದನ್ನು ಪ್ರಾಮಾಣಿಕವಾಗಿ ಬಳಸಿದರೆ ಯಾವ ಪದ ಯಾರದು ಎಂಬ ಜಗಳ ಕಡಿಮೆಯಾಗುತ್ತದೆ. ಬರಹಕ್ಕೂ ವಿಡಿಯೊಗೂ ಹೊಂದದಿದ್ದರೆ ಹೊಸ ಜಗಳ ಶುರುವಾಗುತ್ತದೆ.

ಇನ್ನು ವೈರುಧ್ಯವನ್ನು ಸಾಬೀತು ಮಾಡುವ ಕ್ರಮ. ಇದು ಒಣ ವಿಷಯವೆನಿಸಬಹುದು, ಆದರೆ ಎಷ್ಟೋ ಮೇಲ್ಮನವಿಗಳು ತೀರ್ಮಾನವಾಗುವುದು ಇಲ್ಲಿಯೇ. ಆರೋಪಿ ಪರ ವಕೀಲರು ಪೊಲೀಸ್ ಹೇಳಿಕೆಯ ನಿರ್ದಿಷ್ಟ ಸಾಲನ್ನು ಸಾಕ್ಷಿಗೆ ಓದಿ ಹೇಳಿ, ಹೀಗೆ ಹೇಳಿದ್ದಿರಾ ಎಂದು ಕೇಳಬೇಕು. ಆಕೆ ಇಲ್ಲವೆಂದರೆ ಆ ಸಾಲನ್ನಷ್ಟೇ ನಿಶಾನೆ ಡಿ.1 ಎಂದು ಗುರುತಿಸಬೇಕು. ಆಮೇಲೆ ತನಿಖಾಧಿಕಾರಿ ಕಟಕಟೆಗೆ ಬಂದಾಗ, ಸಾಕ್ಷಿ ಹೀಗೆ ಹೇಳಿದ್ದರೇ ಎಂದು ಅವರನ್ನೂ ಕೇಳಬೇಕು. ಅವರು ಹೌದೆಂದರೆ ವೈರುಧ್ಯ ಸಾಬೀತಾಯಿತು. ಬಿಟ್ಟುಹೋದ ಸಂಗತಿಗೂ ಇದೇ ಕ್ರಮ: ನ್ಯಾಯಾಲಯದಲ್ಲಿ ಹೇಳಿದ್ದು ಪೊಲೀಸ್ ಹೇಳಿಕೆಯಲ್ಲಿ ಇಲ್ಲವೆಂದು ಆಕೆಗೆ ಕೇಳಿ, ಬಳಿಕ ತನಿಖಾಧಿಕಾರಿಯ ಬಾಯಿಂದಲೂ ಅದನ್ನು ಹೊರಡಿಸಬೇಕು. ಬಿಟ್ಟುಹೋದ ಪ್ರತಿಯೊಂದೂ ವೈರುಧ್ಯವಲ್ಲ. ಅದು ಮಹತ್ವದ್ದಾಗಿರಬೇಕು, ಸಾಮಾನ್ಯವಾಗಿ ಆ ಸಂದರ್ಭದಲ್ಲಿ ಹೇಳಲೇಬೇಕಾದಂಥದ್ದಾಗಿರಬೇಕು. 1959ರ ತಹಸೀಲ್ದಾರ್ ಸಿಂಗ್ ತೀರ್ಪಿನ ಕಾಲದಿಂದಲೂ ಈ ಚರ್ಚೆ ನಡೆದುಬಂದಿದೆ.

ಈ ಹೆಜ್ಜೆಗಳಲ್ಲಿ ಒಂದು ತಪ್ಪಿದರೂ ಮೇಲ್ಮನವಿಯಲ್ಲಿ ಆ ವೈರುಧ್ಯವನ್ನು ಬಳಸುವಂತಿಲ್ಲ. ಆದರೂ ಮೇಲ್ಮನವಿಯ ವಾದದಲ್ಲಿ ವಕೀಲರು ದೋಷಾರೋಪ ಪಟ್ಟಿಯ ಜೊತೆಗಿರುವ ಹೇಳಿಕೆಯನ್ನು ನೇರವಾಗಿ ತೆರೆದು, ಸಾಕ್ಷ್ಯದ ಪಕ್ಕ ಇಟ್ಟು ‘ಸ್ವಾಮಿ, ಇಲ್ಲಿ ನೋಡಿ’ ಎಂದು ತೋರಿಸುವುದುಂಟು. ಆ ಸಾಲಿನ ಬಗ್ಗೆ ಉತ್ತರಿಸಲು ಸಾಕ್ಷಿಗೆ ಅವಕಾಶವೇ ಸಿಕ್ಕಿರುವುದಿಲ್ಲ. ಸರ್ಕಾರಿ ವಕೀಲರು ಅಲ್ಲಿಯೇ ಆಕ್ಷೇಪಿಸದಿದ್ದರೆ, ಕಡತದಲ್ಲಿ ಸಾಬೀತಾಗದ ವೈರುಧ್ಯವೊಂದು ತೀರ್ಪಿನೊಳಗೆ ಬಂದು ಕುಳಿತುಕೊಳ್ಳುತ್ತದೆ.

ಬರೆಯುವ ಶೈಲಿಯದು ಇನ್ನೊಂದು ಕಥೆ. ನಮ್ಮ ಕೆಳ ನ್ಯಾಯಾಲಯಗಳಲ್ಲಿ ಪಾಟೀ ಸವಾಲನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಯುವುದಿಲ್ಲ, ‘ನಾನು ಕೂಗಿಕೊಳ್ಳಲಿಲ್ಲ ಎಂದರೆ ಸರಿ’ ಎಂಬ ಧಾಟಿಯಲ್ಲಿ ನಿರೂಪಣೆಯಾಗಿ ಬರೆಯುತ್ತಾರೆ. ವಕೀಲರ ಸೂಚನೆ ಮತ್ತು ಸಾಕ್ಷಿಯ ‘ಹೂಂ’ ಎರಡೂ ಸೇರಿ ಆಕೆಯದೇ ವಾಕ್ಯವಾಗುತ್ತದೆ. ‘ಬಾಯಿ ಮುಚ್ಚಿದ್ದ, ಹೇಗೆ ಕೂಗಲಿ?’ ಎಂದು ಆಕೆ ಸೇರಿಸಿದ್ದರೆ, ಅದು ದಾಖಲಾಗಿದೆಯೇ ಇಲ್ಲವೇ ಎಂಬುದು ಆ ದಿನದ ನ್ಯಾಯಾಧೀಶರ ತಾಳ್ಮೆಗೆ ಬಿಟ್ಟದ್ದು. ಸಾಕ್ಷಿಯ ಹಾವಭಾವದ ಬಗ್ಗೆ ನ್ಯಾಯಾಧೀಶರು ಟಿಪ್ಪಣಿ ಬರೆಯಲು ಕಾನೂನಿನಲ್ಲೇ ಅವಕಾಶವಿದೆ: ಅತ್ತಳು, ಉತ್ತರಿಸಲು ಹಿಂಜರಿದಳು, ಆರೋಪಿಯನ್ನು ಕಂಡು ನಡುಗಿದಳು. ಬರೆದಿದ್ದರೆ ಮೇಲ್ಮನವಿಯ ನ್ಯಾಯಮೂರ್ತಿಗೆ ಅಷ್ಟಾದರೂ ಕಾಣುತ್ತದೆ. ಬಹಳಷ್ಟು ಕಡತಗಳಲ್ಲಿ ಆ ಟಿಪ್ಪಣಿ ಇರುವುದೇ ಇಲ್ಲ.

ಮುಖ್ಯ ವಿಚಾರಣೆಯಲ್ಲೂ ಕೊರತೆ ಉಳಿಯುತ್ತದೆ. ‘ಕೆಟ್ಟ ಕೆಲಸ ಮಾಡಿದ’ ಎಂದು ಸಾಕ್ಷಿ ಹೇಳಿ ನಿಲ್ಲಿಸಿದಾಗ ಸರ್ಕಾರಿ ವಕೀಲರೂ ಮುಜುಗರಕ್ಕೆ ನಿಲ್ಲಿಸಿಬಿಟ್ಟರೆ, ಅಪರಾಧದ ಅಂಶಗಳು ಸಾಬೀತಾಗಿಲ್ಲ ಎಂಬ ವಾದಕ್ಕೆ ಮೇಲ್ಮನವಿಯಲ್ಲಿ ಉತ್ತರವಿರುವುದಿಲ್ಲ. ಆಗ ಆಕೆಯನ್ನು ಪೂರ್ತಿ ನಂಬಿದರೂ ಅತ್ಯಾಚಾರದ ಶಿಕ್ಷೆ ಇಳಿದು, ಪ್ರಯತ್ನಕ್ಕೋ ಮಾನಭಂಗಕ್ಕೋ ಸೀಮಿತವಾಗುವ ಅಪಾಯವಿದೆ. ಕೇಳಬೇಕಿದ್ದದ್ದು ಎರಡೇ ಪ್ರಶ್ನೆ.

ಯಾವ ವ್ಯತ್ಯಾಸ ತೂಗುತ್ತದೆ?

ಆರು ಕಡೆ ಹೇಳಿದ ಮಾತಿನಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಇಲ್ಲದಿದ್ದರೆ ‘ಗಿಳಿಪಾಠ’ ಎಂಬ ವಾದ ಬರುತ್ತದೆ. ಹಾಗಾಗಿ ಮೇಲ್ಮನವಿ ನ್ಯಾಯಾಲಯ ವ್ಯತ್ಯಾಸಗಳನ್ನು ಎಣಿಸುವುದಿಲ್ಲ, ಅವು ಘಟನೆಯ ತಿರುಳಿಗೆ ಸೇರಿದವೇ, ಅಂಚಿಗೆ ಸೇರಿದವೇ ಎಂದು ನೋಡುತ್ತದೆ. ಯಾರು, ಏನು ಮಾಡಿದ, ಒಪ್ಪಿಗೆಯಿತ್ತೇ ಎಂಬುದು ತಿರುಳು. ಎಷ್ಟು ಗಂಟೆ, ಎಷ್ಟು ಮಾರು ದೂರ, ಯಾವ ಬಣ್ಣದ ಅಂಗಿ ಎಂಬುದು ಸಾಮಾನ್ಯವಾಗಿ ಅಂಚು.

ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ಅಂಚನ್ನೇ ತಿರುಳೆಂದು ಭಾವಿಸಿದ್ದು ಹೇಗೆ ಎಂಬುದು ನೋಡುವಂತಿದೆ. 1984ರ ಮಾರ್ಚಿನಲ್ಲಿ ಪರೀಕ್ಷೆ ಬರೆದು ಬರುತ್ತಿದ್ದ ಶಾಲಾ ಬಾಲಕಿಯನ್ನು ಕಾರಿನಲ್ಲಿ ಎತ್ತಿಕೊಂಡು ಹೋದ ಪ್ರಕರಣ ಅದು. ಲೂಧಿಯಾನದ ವಿಶೇಷ ನ್ಯಾಯಾಲಯ 1985ರಲ್ಲಿ ಎಲ್ಲರನ್ನೂ ಖುಲಾಸೆ ಮಾಡಿತು. ಕಾರು ಫಿಯೆಟ್ಟೋ ಅಂಬಾಸಿಡರೋ ಎಂದು ಆಕೆ ಖಚಿತವಾಗಿ ಹೇಳಲಿಲ್ಲ, ದಾರಿಯಲ್ಲಿ ಕೂಗಲಿಲ್ಲ, ದೂರು ತಡವಾಯಿತು ಎಂಬವು ಆ ತೀರ್ಪಿನ ಕಾರಣಗಳಲ್ಲಿದ್ದವು. ಹಳ್ಳಿಯ ಹುಡುಗಿಗೆ ಕಾರುಗಳ ಮಾದರಿ ಗೊತ್ತಿರಬೇಕೆಂಬ ನಿರೀಕ್ಷೆ ಎಲ್ಲಿಂದ ಬಂತೋ! ತಂದೆ ಮೊದಲು ಸರಪಂಚರ ಬಳಿ ಹೋಗಿ, ಪಂಚಾಯಿತಿಯಲ್ಲಿ ಬಗೆಹರಿಯದೆ ಪೊಲೀಸರ ಬಳಿಗೆ ಬಂದದ್ದು ತಡಕ್ಕೆ ಸಹಜ ವಿವರಣೆ ಎಂದು ಸುಪ್ರೀಂ ಕೋರ್ಟ್ ಒಪ್ಪಿತು, ಖುಲಾಸೆಯನ್ನು ರದ್ದುಪಡಿಸಿತು. ಘಟನೆಗೂ ಅಂತಿಮ ತೀರ್ಪಿಗೂ ನಡುವೆ ಸುಮಾರು ಹನ್ನೆರಡು ವರ್ಷ.

ತಡದ ವಿಷಯದಲ್ಲಿ ನ್ಯಾಯಾಲಯ ನೋಡುವುದು ದಿನಗಳ ಲೆಕ್ಕಕ್ಕಿಂತ ವಿವರಣೆಯನ್ನು. ವಿವರಣೆ ಇಲ್ಲದ ಒಂದು ದಿನವೂ ಭಾರವಾಗಬಹುದು, ವಿವರಣೆ ಇರುವ ಒಂದು ತಿಂಗಳೂ ಹಗುರಾಗಬಹುದು. ಆ ವಿವರಣೆ ಸಾಕ್ಷ್ಯದಲ್ಲಿಯೇ ಬರಬೇಕು, ಸರ್ಕಾರಿ ವಕೀಲರ ವಾದದಲ್ಲಿ ಬಂದರೆ ಸಾಲದು.

ವೈದ್ಯಕೀಯ ಸಾಕ್ಷ್ಯದ ಬಗ್ಗೆ ಎರಡು ಸಂಗತಿಗಳನ್ನು ಬೆರೆಸಿ ಮಾತಾಡುವುದು ಮಾಮೂಲು. ಬೆಂಬಲ ಇಲ್ಲದಿರುವುದು ಒಂದು, ವಿರುದ್ಧ ಸಾಕ್ಷ್ಯ ಇರುವುದು ಇನ್ನೊಂದು. ಗಾಯವಿಲ್ಲ ಎಂಬುದು ಮೊದಲನೆಯದು. ದೈಹಿಕವಾಗಿ ಪ್ರತಿಭಟಿಸದಿರುವುದೇ ಒಪ್ಪಿಗೆಯಾಗದು ಎಂದು 2013ರ ತಿದ್ದುಪಡಿಯ ನಂತರ ಶಾಸನವೇ ಹೇಳುತ್ತದೆ. 2025ರ ಮಾರ್ಚಿನಲ್ಲಿ, 1984ರ ಘಟನೆಯೊಂದರ ಮೇಲ್ಮನವಿಯಲ್ಲಿ, ಗುಪ್ತಾಂಗದಲ್ಲಿ ಗಾಯವಿಲ್ಲವೆಂಬ ಕಾರಣಕ್ಕೆ ಸಂತ್ರಸ್ತೆಯ ಮಾತನ್ನು ತಳ್ಳಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಪ್ರಕಾರ 72 ಗಂಟೆ ಕಳೆದ ಮೇಲೆ ದೇಹದಿಂದ ಸಿಗುವ ಕುರುಹು ತೀರಾ ಕಡಿಮೆ, ಆದರೂ 96 ಗಂಟೆವರೆಗೆ ಮಾದರಿ ಸಂಗ್ರಹಿಸಬೇಕು. ಐದನೆಯ ದಿನ ಪರೀಕ್ಷೆಯಾದವಳ ವರದಿ ಖಾಲಿ ಬಂದರೆ ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು.

ವಿರುದ್ಧ ಸಾಕ್ಷ್ಯದ ಮಾತು ಬೇರೆ. ಹಲವರು ಹೊಡೆದು ಗಾಯಗೊಳಿಸಿದರು ಎಂದು ಹೇಳಿ, ಅದೇ ದಿನದ ಪರೀಕ್ಷೆಯಲ್ಲಿ ತರಚು ಗಾಯವೂ ಇಲ್ಲದಿದ್ದರೆ ಅದಕ್ಕೆ ಉತ್ತರ ಬೇಕು. ಸಂಗ್ರಹಿಸಿದ ಮಾದರಿಯ ಡಿಎನ್‌ಎ ಬೇರೊಬ್ಬನದಾಗಿದ್ದರೆ ಬೇಕೇಬೇಕು. ಇವೆರಡರ ನಡುವೆ ಇನ್ನೊಂದು ಬಗೆಯಿದೆ: ಇರಬಹುದಾಗಿದ್ದ ಸಾಕ್ಷ್ಯವನ್ನು ತಾರದಿರುವುದು. ಬಟ್ಟೆ ಜಪ್ತಿಯಾಗಿದೆ, ಮಹಜರಿನಲ್ಲಿದೆ, ಪ್ರಯೋಗಾಲಯದ ವರದಿ ಮಾತ್ರ ಕಡತದಲ್ಲಿಲ್ಲ. ಕೂಗು ಕೇಳಿ ಓಡಿಬಂದಳೆನ್ನಲಾದ ಪಕ್ಕದ ಮನೆಯಾಕೆಯನ್ನು ವಿಚಾರಿಸಿಯೇ ಇಲ್ಲ. ಕೈಯಲ್ಲಿದ್ದ ಸಾಕ್ಷ್ಯವನ್ನು ತಡೆಹಿಡಿದರೆ ಅದು ತಮಗೆ ವಿರುದ್ಧವಾಗಿತ್ತೆಂದು ಭಾವಿಸಬಹುದು ಎನ್ನುತ್ತದೆ ಹಳೆಯ 114ನೇ ಕಲಮಿನ ‘ಜಿ’ ದೃಷ್ಟಾಂತ. ತನಿಖೆಯ ಸೋಮಾರಿತನಕ್ಕೆ ಸಂತ್ರಸ್ತೆ ದಂಡ ತೆರಬಾರದು ಎಂಬ ಮಾತೂ ಅನೇಕ ತೀರ್ಪುಗಳಲ್ಲಿದೆ. ಎರಡರಲ್ಲಿ ಯಾವುದು ಗೆಲ್ಲುತ್ತದೆ ಎಂಬುದು ಆಕೆಯ ಉಳಿದ ಮಾತು ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲಿದೆ.

‘ಸ್ಟರ್ಲಿಂಗ್’ ಎಂಬ ಅಳತೆಗೋಲು

2012ರ ರಾಯ್ ಸಂದೀಪ್ ತೀರ್ಪು ‘ಸ್ಟರ್ಲಿಂಗ್ ಸಾಕ್ಷಿ’ ಎಂಬ ಪದವನ್ನು ಚಲಾವಣೆಗೆ ತಂದಿತು. ಅಂಥ ಸಾಕ್ಷಿಯ ಮಾತು ಪ್ರಶ್ನಾತೀತವಾಗಿರಬೇಕು, ಮೊದಲ ಹೇಳಿಕೆಯಿಂದ ನ್ಯಾಯಾಲಯದ ಹೇಳಿಕೆವರೆಗೆ ಒಂದೇ ಆಗಿರಬೇಕು, ಎಷ್ಟೇ ಉದ್ದದ ಪಾಟೀ ಸವಾಲಿಗೂ ಅಲುಗಬಾರದು, ಜಪ್ತಿಯಾದ ವಸ್ತು, ವೈಜ್ಞಾನಿಕ ವರದಿ, ಇತರ ಸಾಕ್ಷಿಗಳ ಮಾತು ಇವೆಲ್ಲವುದಕ್ಕೂ ಹೊಂದಬೇಕು. ಆ ಪ್ರಕರಣದ ಆರೋಪಿಗಳು ಖುಲಾಸೆಯಾದರು.

ಈ ಅಳತೆಯ ಕೊನೆಯ ಭಾಗ ನನಗೆ ಸಮಸ್ಯೆಯಾಗಿ ಕಾಣುತ್ತದೆ. ಬೇರೆ ಬೆಂಬಲ ಇಲ್ಲದಿದ್ದಾಗ ಒಂಟಿ ಸಾಕ್ಷ್ಯವನ್ನು ನಂಬಬಹುದೇ ಎಂಬುದು ಮೂಲ ಪ್ರಶ್ನೆ. ಅದಕ್ಕೆ ಉತ್ತರವಾಗಿ ‘ಉಳಿದ ಪ್ರತಿಯೊಂದು ಸಾಕ್ಷ್ಯಕ್ಕೂ ಹೊಂದಿದರೆ ನಂಬಬಹುದು’ ಎಂದರೆ, 1952ರಲ್ಲಿ ಮುಂಬಾಗಿಲಿನಿಂದ ಕಳಿಸಿದ ಪೂರಕ ಸಾಕ್ಷ್ಯವನ್ನು ಹಿತ್ತಿಲಿನಿಂದ ಒಳಗೆ ಕರೆದಂತಾಯಿತು. ಈ ತೀರ್ಪನ್ನು ಅನುಸರಿಸುವವರು ಹೇಳುವ ಸಮರ್ಥನೆಯಲ್ಲೂ ಹುರುಳಿಲ್ಲದಿಲ್ಲ. ಹತ್ತು ವರ್ಷದಿಂದ ಜೀವಾವಧಿವರೆಗಿನ ಶಿಕ್ಷೆಯನ್ನು ಒಬ್ಬರ ಮಾತಿನ ಮೇಲೆ ಕೊಡುವಾಗ ಆ ಮಾತನ್ನು ಕಠಿಣವಾಗಿ ಪರೀಕ್ಷಿಸಬೇಡವೇ? ಸುಳ್ಳು ಆರೋಪವೂ ಆರೋಪಿಗೆ ಅಷ್ಟೇ ಯಾತನೆ, ಅವಮಾನ ತರಬಲ್ಲದು ಎಂದು 2008ರಲ್ಲಿ, ಕಥೆ ಎಷ್ಟೇ ಅಸಂಭವವಾಗಿದ್ದರೂ ನಂಬಲೇಬೇಕೆಂಬ ವಾದ ಒಪ್ಪಲಾಗದು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಮಾತುಗಳು ಸರಿ. ಆದರೆ ಸಂಶಯಾತೀತವಾಗಿ ಸಾಬೀತಾಗಬೇಕೆಂಬ ಸಾಮಾನ್ಯ ನಿಯಮವೇ ಆ ರಕ್ಷಣೆ ಕೊಡುತ್ತದೆ. ದರೋಡೆಯಲ್ಲಿ ಗಾಯಗೊಂಡವನ ಒಂಟಿ ಸಾಕ್ಷ್ಯಕ್ಕೆ ‘ಸ್ಟರ್ಲಿಂಗ್’ ಪ್ರಮಾಣಪತ್ರವನ್ನು ಯಾರೂ ಅಷ್ಟು ಸುಲಭವಾಗಿ ಕೇಳುವುದಿಲ್ಲ.

‘ಅಸಂಭವ’ ಎಂಬ ಪದವೂ ಜಾರುವಂಥದ್ದು. ಯಾರ ಲೆಕ್ಕದಲ್ಲಿ ಅಸಂಭವ? 1983ರ ಭರ್ವಾಡಾ ತೀರ್ಪು ಪೂರಕ ಸಾಕ್ಷ್ಯ ಕೇಳುವುದು ಗಾಯದ ಮೇಲೆ ಅವಮಾನ ಎಂದು ಗಟ್ಟಿಯಾಗಿ ಹೇಳಿತು, ಸಾಕ್ಷಿಯ ನೆನಪು ಕ್ಯಾಮೆರಾ ಅಲ್ಲ ಎಂಬುದನ್ನು ಪಟ್ಟಿ ಮಾಡಿ ವಿವರಿಸಿತು. ಅದಕ್ಕಾಗಿ ಅದನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಆದರೆ ಅದು ಕೊಟ್ಟ ಕಾರಣಗಳಲ್ಲಿ ಒಂದು, ಸಂಪ್ರದಾಯಸ್ಥ ಭಾರತೀಯ ಹೆಣ್ಣು ಮಾನಕ್ಕೆ ಅಂಜಿ ಸುಳ್ಳು ಹೇಳಲಾರಳು ಎಂಬುದು. ಸಂತ್ರಸ್ತೆಯ ಪರವಾಗಿ ಕಾಣುವ ಈ ತರ್ಕ ‘ಸಂಪ್ರದಾಯಸ್ಥ’ ಎನಿಸದವಳ ವಿರುದ್ಧ ತಿರುಗಲು ಹೆಚ್ಚು ಹೊತ್ತು ಬೇಡ. 2020ರಲ್ಲಿ ಕರ್ನಾಟಕ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಘಟನೆಯ ನಂತರ ದಣಿದು ನಿದ್ರಿಸಿದೆ ಎಂಬ ದೂರುದಾರಳ ಮಾತು ಭಾರತೀಯ ಮಹಿಳೆಗೆ ಒಪ್ಪುವಂಥದ್ದಲ್ಲ ಎಂಬ ಸಾಲು ಬಂದು ವಿವಾದವಾಯಿತು. ಆ ಸಾಲನ್ನು ಆಮೇಲೆ ಆದೇಶದಿಂದ ತೆಗೆಯಲಾಯಿತು. 2021ರ ಮಾರ್ಚಿನ ಅಪರ್ಣಾ ಭಟ್ ತೀರ್ಪು, 2023ರಲ್ಲಿ ಸುಪ್ರೀಂ ಕೋರ್ಟ್ ಹೊರತಂದ ಲಿಂಗ ಪೂರ್ವಗ್ರಹಗಳ ಕೈಪಿಡಿ ಇಂಥ ವಾಕ್ಯಗಳನ್ನು ಬಳಸಬಾರದು ಎಂದಿವೆ. ವಾಕ್ಯ ಹೋದರೂ ಅದರ ಹಿಂದಿನ ಎಣಿಕೆ ‘ಸಹಜ ನಡವಳಿಕೆ’ ಎಂಬ ಹೆಸರಿನಲ್ಲಿ ಉಳಿಯಬಲ್ಲದು.

ಮೇಲ್ಮನವಿ ಯಾವ ಕಡೆಯಿಂದ?

ಶಿಕ್ಷೆಯ ವಿರುದ್ಧದ ಮೊದಲ ಮೇಲ್ಮನವಿಯಲ್ಲಿ ಹೈಕೋರ್ಟ್ ಸಾಕ್ಷ್ಯವನ್ನೆಲ್ಲ ತಾನೇ ಮರಳಿ ತೂಗಬೇಕು. ‘ಕೆಳ ನ್ಯಾಯಾಲಯ ಸರಿಯಾಗಿಯೇ ಹೇಳಿದೆ’ ಎಂದು ಎರಡು ಪುಟದಲ್ಲಿ ಮುಗಿಸುವಂತಿಲ್ಲ. ಅಲ್ಲಿ ಆರೋಪಿ ಒಂದು ಸಮಂಜಸ ಸಂಶಯ ಎಬ್ಬಿಸಿದರೆ ಸಾಕು. ಖುಲಾಸೆಯ ವಿರುದ್ಧದ ಮೇಲ್ಮನವಿಯ ಲೆಕ್ಕವೇ ಬೇರೆ. ಅದನ್ನು ಸರ್ಕಾರ ಸಲ್ಲಿಸಬಹುದು. 2009ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಸಂತ್ರಸ್ತೆಯೂ ಸಲ್ಲಿಸಬಹುದು, ಈಗಿನ ಸಂಹಿತೆಯ 413ನೇ ಕಲಂ ಆ ಹಕ್ಕನ್ನು ಉಳಿಸಿಕೊಂಡಿದೆ. ಇಲ್ಲಿಗೆ ಅನ್ವಯಿಸುವ ಸೂತ್ರಗಳನ್ನು ಒಟ್ಟು ಮಾಡಿಕೊಟ್ಟದ್ದು ನಮ್ಮದೇ ರಾಜ್ಯದಿಂದ ಹೋದ 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ತೀರ್ಪು. ಮೇಲ್ಮನವಿ ನ್ಯಾಯಾಲಯದ ಅಧಿಕಾರಕ್ಕೆ ಮಿತಿಯಿಲ್ಲ. ಆದರೆ ಆರೋಪಿ ನಿರಪರಾಧಿ ಎಂಬ ಭಾವನೆಗೆ ಖುಲಾಸೆಯಿಂದ ಇಮ್ಮಡಿ ಬಲ ಬಂದಿರುತ್ತದೆ. ಎರಡು ಸಮಂಜಸ ತೀರ್ಮಾನಗಳಿಗೆ ಅವಕಾಶವಿದ್ದರೆ ಖುಲಾಸೆಯನ್ನು ಮುಟ್ಟಬಾರದು.

ಇದರ ಪರಿಣಾಮ ಹೀಗೆ: ಅದೇ ಸಾಕ್ಷ್ಯ, ಅದೇ ವೈರುಧ್ಯ ಇದ್ದರೂ ಕೆಳ ನ್ಯಾಯಾಲಯ ನಂಬಿತ್ತೇ ಇಲ್ಲವೇ ಎಂಬುದರ ಮೇಲೆ ಹೈಕೋರ್ಟಿನ ಫಲಿತಾಂಶ ಬೇರೆಯಾಗಬಹುದು. ಸಾಕ್ಷಿಯನ್ನು ಕಣ್ಣಾರೆ ಕಂಡ ನ್ಯಾಯಾಧೀಶರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂದು 1934ರಲ್ಲೇ ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ ಹೇಳಿತ್ತು. ಖುಲಾಸೆಯ ತೀರ್ಪನ್ನು ಮಗುಚಬೇಕಾದರೆ ಅದರ ಕಾರಣಗಳೇ ತಪ್ಪೆಂದು ತೋರಿಸಬೇಕು: ಸಾಬೀತಾಗದ ವೈರುಧ್ಯ ಬಳಸಿದೆ, ಪೂರಕ ಸಾಕ್ಷ್ಯ ಕಡ್ಡಾಯವೆಂದು ತಪ್ಪು ತಿಳಿದಿದೆ, ಆಕೆಯ ನಡತೆ ನೋಡಿದೆ. ಹಿಂದಿನ ಲೈಂಗಿಕ ಅನುಭವ ಅಪ್ರಸ್ತುತ ಎಂದು ಶಾಸನವೇ ಹೇಳುತ್ತದೆ, ಆಕೆಗೆ ಸಂಭೋಗದ ರೂಢಿಯಿದೆಯೇ ಎಂದು ನೋಡುವ ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ, ಮತ್ತೆ 2022ರಲ್ಲಿ ಖಂಡಿಸಿದೆ. ಇವುಗಳ ಮೇಲೆ ನಿಂತ ಖುಲಾಸೆಗೆ ‘ಇನ್ನೊಂದು ಸಮಂಜಸ ಅಭಿಪ್ರಾಯ’ ಎಂಬ ಕವಚ ಸಿಗಬಾರದು. ‘ಸಾಕ್ಷಿಯನ್ನು ನಂಬಬೇಕಿತ್ತು’ ಎಂಬ ವಾದವೊಂದನ್ನೇ ಹಿಡಿದ ಮೇಲ್ಮನವಿ ಗೆಲ್ಲುವುದು ಕಷ್ಟ.

ಪೋಕ್ಸೊ ಪ್ರಕರಣಗಳಲ್ಲಿ 29 ಮತ್ತು 30ನೇ ಕಲಂಗಳ ಪೂರ್ವಭಾವನೆ, ಅಂದರೆ ಆರೋಪಿ ಸುಳ್ಳೆಂದು ತೋರಿಸುವವರೆಗೆ ಆರೋಪ ನಿಜವೆಂದೇ ಭಾವಿಸುವ ನಿಯಮ, ಪ್ರಾಸಿಕ್ಯೂಷನ್ನಿಗೆ ನೆರವಾಗುತ್ತದೆ. ಆದರೆ ಬುನಾದಿಯ ಸಂಗತಿಗಳನ್ನು ಮೊದಲು ಅದೇ ತೋರಿಸಬೇಕು. ಅವುಗಳಲ್ಲಿ ಮುಖ್ಯವಾದದ್ದು ವಯಸ್ಸು. ಬಾಲಕಿಯ ಮಾತನ್ನು ಪೂರ್ತಿ ನಂಬಿದರೂ ವಯಸ್ಸು ಸಾಬೀತಾಗದೆ ಮೇಲ್ಮನವಿಯಲ್ಲಿ ಶಿಕ್ಷೆ ರದ್ದಾಗುವುದುಂಟು. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗಬಹುದು. ವರ್ಗಾವಣೆ ಪ್ರಮಾಣಪತ್ರ ಈ ಪಟ್ಟಿಯಲ್ಲಿಲ್ಲ ಎಂಬ ಕಾರಣಕ್ಕೆ 2023ರ ಜುಲೈನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಪೋಕ್ಸೊ ಶಿಕ್ಷೆಯೇ ರದ್ದಾಯಿತು. ಮುಖ್ಯೋಪಾಧ್ಯಾಯರನ್ನು ಕರೆಸಿ ದಾಖಲಾತಿ ರಿಜಿಸ್ಟರ್ ಹಾಜರುಪಡಿಸುವುದು ಅರ್ಧ ದಿನದ ಕೆಲಸ.

ಮಾತೇ ಇಲ್ಲದ ಪ್ರಕರಣವೂ ಇದೆ. ರಾಜಸ್ಥಾನದಲ್ಲಿ 1986ರಲ್ಲಿ ದೌರ್ಜನ್ಯಕ್ಕೊಳಗಾದ ಮಗು ಕಟಕಟೆಯಲ್ಲಿ ಏನನ್ನೂ ಹೇಳದೆ ಬರೀ ಅತ್ತಿತು. ವಿಚಾರಣಾ ನ್ಯಾಯಾಲಯ ಉಳಿದ ಸಾಕ್ಷ್ಯ ಆಧರಿಸಿ ಶಿಕ್ಷಿಸಿತು, ಹೈಕೋರ್ಟ್ 2013ರಲ್ಲಿ ಖುಲಾಸೆ ಮಾಡಿತು. ಮಗುವಿನ ಮೌನವನ್ನು ವಯಸ್ಕರ ಮೌನದಂತೆ ಓದಬಾರದು ಎಂದು 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಮರಳಿ ತಂದಿತು. ಅಲ್ಲಿ ವೈದ್ಯಕೀಯ ಸಾಕ್ಷ್ಯ ಗಟ್ಟಿಯಾಗಿತ್ತು.

ಕಡತದಲ್ಲಿ ಕೊರತೆಯಿದ್ದರೆ ಮೇಲ್ಮನವಿಯಲ್ಲಿ ತುಂಬಿಕೊಳ್ಳಬಹುದೇ? ಹೆಚ್ಚುವರಿ ಸಾಕ್ಷ್ಯ ಪಡೆಯುವ, ಮರುವಿಚಾರಣೆಗೆ ಕಳಿಸುವ ಅಧಿಕಾರ ಹೈಕೋರ್ಟಿಗಿದೆ. ಅದನ್ನು ಬಳಸುವುದು ಅಪರೂಪ, ಮತ್ತು ಬಳಸಿದರೆ ಆಕೆ ಮತ್ತೆ ಕಟಕಟೆ ಹತ್ತಬೇಕಾದೀತು. ಮಗುವನ್ನು ಪದೇ ಪದೇ ಸಾಕ್ಷ್ಯಕ್ಕೆ ಕರೆಯಬಾರದು ಎಂದು ಪೋಕ್ಸೊ 33ನೇ ಕಲಂ ಹೇಳುತ್ತದೆ. ದೆಹಲಿಯ 2014ರ ಟ್ಯಾಕ್ಸಿ ಪ್ರಕರಣದಲ್ಲಿ ಆರೋಪಿ ವಕೀಲರನ್ನು ಬದಲಿಸಿ, ಹಿಂದಿನವರು ಸರಿಯಾಗಿ ಪಾಟೀ ಸವಾಲು ಮಾಡಲಿಲ್ಲ ಎಂದಾಗ, ಸಂತ್ರಸ್ತೆಯೂ ಸೇರಿ 13 ಸಾಕ್ಷಿಗಳನ್ನು ಮರಳಿ ಕರೆಸಲು ಹೈಕೋರ್ಟ್ ಒಪ್ಪಿತು. 2015ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ವಕೀಲರು ಬದಲಾದರು ಎಂಬುದು ಸಾಕ್ಷಿಯನ್ನು ಮತ್ತೆ ಕರೆಸಲು ಕಾರಣವಾಗದು, ಮೊದಲ ವಕೀಲರು ಕೇಳಿದ್ದು ಮತ್ತು ಕೇಳದೆ ಬಿಟ್ಟದ್ದು ಎರಡೂ ಕಡತದಲ್ಲಿ ಹಾಗೆಯೇ ಉಳಿಯುತ್ತವೆ.